ಕೆರೆಯಂಚಿನ ಒಂದು ಅಡಿ ನೀರು

ಬಳ್ಳಾರಿಯ ಹೆಸರನ್ನು ಕೇಳಿದೊಡನೆ ಹೊರಗಿನವರ ಮನಸ್ಸಿನಲ್ಲಿ ಮೂಡುವುದು ಉರಿಬಿಸಿಲು, ಬೋಳುಬಂಡೆಗಳ ಗುಡ್ಡ ಮತ್ತು ಕಬ್ಬಿಣದ ಅದಿರು; ನೀರುಹಕ್ಕಿಗಳಲ್ಲ. ಆದರೆ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನಗರವನ್ನು ಬಿಟ್ಟು ಉತ್ತರಕ್ಕೆ ಕುರುಗೋಡು, ಸಿರುಗುಪ್ಪಗಳ ಕಡೆಗೆ ಹೊರಟವರಿಗೆ ಬೇರೆಯೇ ಒಂದು ನೋಟ ಕಾಣಸಿಗುತ್ತದೆ. 1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟಿನ ನಾಲೆಗಳು ಈ ಕಪ್ಪುನೆಲದ ಬಹುಭಾಗವನ್ನು ಭತ್ತದ ಗದ್ದೆಗಳನ್ನಾಗಿ ಮಾಡಿವೆ. ನೀರು ನಿಂತ ಗದ್ದೆಗಳಲ್ಲಿ ಬೆಳ್ಳಕ್ಕಿಗಳೂ ಬಕಗಳೂ ತಲೆತಗ್ಗಿಸಿ ನಡೆಯುತ್ತಿರುತ್ತವೆ; ಊರೂರಿನ ಕೆರೆಗಳ ಮೇಲೆ ಬಾತುಗಳ ಹಿಂಡು ತೇಲುತ್ತಿರುತ್ತದೆ.

ಆದರೆ ಎಲ್ಲ ಕೆರೆಗಳಲ್ಲಿಯೂ ಅಲ್ಲ. ಒಂದು ಕೆರೆಯಲ್ಲಿ ಸಾವಿರಾರು ಹಕ್ಕಿಗಳಿದ್ದರೆ, ಅದಕ್ಕೆ ಎರಡು ಹರದಾರಿ ದೂರದಲ್ಲಿ ಅಷ್ಟೇ ನೀರು ತುಂಬಿರುವ ಮತ್ತೊಂದು ಕೆರೆಯಲ್ಲಿ ಹತ್ತು ಹಕ್ಕಿಗಳೂ ಇರುವುದಿಲ್ಲ. ಇದಕ್ಕೆ ಕಾರಣವೇನು? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಸಿರುಗುಪ್ಪ ತಾಲ್ಲೂಕಿನ ರೈತರಾದ ನನ್ನ ಮಿತ್ರರೊಬ್ಬರು. ಅವರಿಗೆ ಇದು ಕೇವಲ ಕುತೂಹಲದ ವಿಷಯವಾಗಿರಲಿಲ್ಲ. ಅವರ ಪಕ್ಕದ ಊರಿನ ಕೆರೆಯ ಹೂಳನ್ನು ಕೆಲವು ವರ್ಷಗಳ ಹಿಂದೆ ಯಂತ್ರಗಳಿಂದ ತೆಗೆಸಿ ಕೆರೆಯನ್ನು ಆಳ ಮಾಡಿದರು. ನೀರು ಹೆಚ್ಚಾಗಿ ನಿಂತಿತು. ಹಕ್ಕಿಗಳು ಬರುವುದು ನಿಂತುಹೋಯಿತು. ಈಗ ಅವರ ಊರಿನ ಕೆರೆಯ ಸರದಿ ಬಂದಿತ್ತು. ಹೂಳು ತೆಗೆಯುವ ಬಗೆಯನ್ನು ನಿಶ್ಚಯಿಸಲು ಊರವರು ಸೇರುವ ದಿನವೂ ಗೊತ್ತಾಗಿತ್ತು.

"ನೀರು ಜಾಸ್ತಿ ಆದರೆ ನೀರಹಕ್ಕಿ ಜಾಸ್ತಿ ಆಗಬೇಕಲ್ಲ ಮೇಷ್ಟ್ರೇ, ಕಡಿಮೆ ಯಾಕೆ ಆದವು?" ಎಂದು ಅವರು ಕೇಳಿದಾಗ, ಇದು ಪ್ರಾಣಿಶಾಸ್ತ್ರದವರು ಉತ್ತರಿಸಬೇಕಾದ ಪ್ರಶ್ನೆಯೆಂದು ಹೇಳಿ ನಾನು ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಉತ್ತರವನ್ನು ಹಕ್ಕಿಗಳಿಂದಲೇ ತಿಳಿಯುವುದು ಲೇಸೆಂದು ತೋರಿ, ಸಂಕ್ರಾಂತಿಯಾದ ಮರುವಾರ ಒಂದು ಭಾನುವಾರ ನಾವಿಬ್ಬರೂ ಅಂಕಸಮುದ್ರಕ್ಕೆ ಹೊರಟೆವು. ಅಂದು ನೋಡಿದ್ದನ್ನೂ ಅದರಿಂದ ತಿಳಿದುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಂಕಸಮುದ್ರ

ಅಂಕಸಮುದ್ರವು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಗ್ರಾಮ. 2021ರಲ್ಲಿ ವಿಜಯನಗರ ಜಿಲ್ಲೆಯು ಪ್ರತ್ಯೇಕವಾಗುವವರೆಗೆ ಇದು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಇಲ್ಲಿಯ ಕೆರೆ ನಿಸರ್ಗನಿರ್ಮಿತವಲ್ಲ. ಹೊಲಗಳಿಗೆ ನೀರುಣಿಸಲು ಶತಮಾನಗಳ ಹಿಂದೆ ಜನರೇ ಕಟ್ಟಿಕೊಂಡದ್ದು. ಅದರ ವಿಸ್ತೀರ್ಣ 98.76 ಹೆಕ್ಟೇರು, ಎಂದರೆ ಸುಮಾರು 244 ಎಕರೆ. ಕೆರೆಯಂಗಳದಲ್ಲಿ ಕರಿಜಾಲಿಯ ಮರಗಳು ದಟ್ಟವಾಗಿವೆ. ಕೆರೆ ತುಂಬಿದಾಗ ಈ ಮರಗಳ ಬುಡಗಳು ನೀರಿನಲ್ಲಿ ನಿಲ್ಲುತ್ತವೆ; ಆಗ ಅವು ಹಕ್ಕಿಗಳಿಗೆ ಕಂದಕದಿಂದ ಸುತ್ತುವರಿದ ಕೋಟೆಯಂತಾಗುತ್ತವೆ. ನರಿ, ನಾಯಿ, ಕಾಡುಬೆಕ್ಕುಗಳು ಅಲ್ಲಿಗೆ ಸುಲಭವಾಗಿ ತಲಪಲಾರವು.

2017ರಲ್ಲಿ ಈ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಈ ಬಗೆಯ ಮೀಸಲಿಗೆ ಅವಕಾಶ ದೊರೆತದ್ದು 1972ರ ವನ್ಯಜೀವಿ ಸಂರಕ್ಷಣಾ ಕಾನೂನಿಗೆ 2002ರಲ್ಲಿ ಮಾಡಿದ ತಿದ್ದುಪಡಿಯಿಂದ. ಸ್ಥಳೀಯ ಜನರೊಡನೆ ಸಮಾಲೋಚಿಸಿದ ಬಳಿಕವೇ ಇಂತಹ ಮೀಸಲನ್ನು ಘೋಷಿಸಬೇಕೆಂಬುದು ಅದರ ವಿಶೇಷ. ಜೌಗುಪ್ರದೇಶಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್‌ಸಾರ್ ಎಂಬ ಊರಿನಲ್ಲಿ ಹಲವು ರಾಷ್ಟ್ರಗಳು ಮಾಡಿಕೊಂಡ ಒಪ್ಪಂದದ ಪಟ್ಟಿಗೆ ಅಂಕಸಮುದ್ರವೂ ಸೇರಿತೆಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡುಕಟ್ಟುತ್ತವೆ ಅಥವಾ ರಾತ್ರಿ ತಂಗುತ್ತವೆ. ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಬಿಳಿ ಕೆಂಬರಲುಗಳ ವಿಷಯದಲ್ಲಿ ಈ ಕೆರೆಯು ವಿಶೇಷ ಪ್ರಾಮುಖ್ಯವುಳ್ಳದ್ದೆಂದು ಪರಿಗಣಿತವಾಗಿದೆ.

ಬಳ್ಳಾರಿಯಿಂದ ಹೊಸಪೇಟೆಯ ಮಾರ್ಗವಾಗಿ ಅಲ್ಲಿಗೆ ಸುಮಾರು ನೂರು ಕಿಲೋಮೀಟರು. ನಾವು ಬೆಳಗಿನ ನಾಲ್ಕು ಗಂಟೆಗೆ ಹೊರಟು, ಮೂಡಣದಲ್ಲಿ ಬೆಳಕು ಹರಿಯುವ ಹೊತ್ತಿಗೆ ಕೆರೆಯ ಏರಿಯ ಮೇಲಿದ್ದೆವು. ಮೈಗೆ ಶಾಲು ಹೊದೆದಿದ್ದರೂ ಚಳಿ ತಿಳಿಯುವಂತಿತ್ತು.

ದುರ್ಬೀನಿನ ಎರಡು ಸಂಖ್ಯೆಗಳು

ನನ್ನ ಬಳಿ ಇದ್ದ ದುರ್ಬೀನಿನ ಮೇಲೆ 8×42 ಎಂದು ಬರೆದಿದೆ. ಮೊದಲನೆಯ ಸಂಖ್ಯೆ ವಸ್ತುವು ಎಷ್ಟು ಮಡಿ ಹತ್ತಿರವಿದ್ದಂತೆ ಕಾಣುವುದೆಂಬುದನ್ನೂ, ಎರಡನೆಯದು ಮುಂಭಾಗದ ಮಸೂರದ ವ್ಯಾಸವನ್ನು ಮಿಲಿಮೀಟರುಗಳಲ್ಲಿಯೂ ಸೂಚಿಸುತ್ತವೆ. 42ನ್ನು 8ರಿಂದ ಭಾಗಿಸಿದರೆ 5.25 ದೊರೆಯುತ್ತದೆ. ದುರ್ಬೀನಿನಿಂದ ಕಣ್ಣಿಗೆ ಬರುವ ಬೆಳಕಿನ ಕಂತೆಯ ವ್ಯಾಸವು ಇಷ್ಟು ಮಿಲಿಮೀಟರು. ಮುಂಜಾವಿನ ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆಯೂ ಹೆಚ್ಚುಕಡಿಮೆ ಇಷ್ಟೇ ಅಗಲಕ್ಕೆ ತೆರೆದಿರುತ್ತದೆ. ಆದ್ದರಿಂದ ದುರ್ಬೀನು ಕೂಡಿಸಿದ ಬೆಳಕೆಲ್ಲ ಕಣ್ಣನ್ನು ಸೇರುತ್ತದೆ. ಇದೇ ಎಂಟು ಮಡಿಯ ಶಕ್ತಿಯುಳ್ಳ, ಆದರೆ 21 ಮಿಲಿಮೀಟರಿನ ಸಣ್ಣ ದುರ್ಬೀನು ನಡುಹಗಲಿನಲ್ಲಿ ಸಾಕಾದೀತು. ಬೆಳಗಿನ ಜಾವದಲ್ಲಿ ಮಬ್ಬಾಗಿ ಕಾಣುವುದು.

ಹಕ್ಕಿ ನೋಡುವವರು ಬೆಳಗಿನಲ್ಲಿಯೇ ಹೋಗಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಉಂಟು. ಬಿಸಿಲೇರಿದ ಮೇಲೆ ನೆಲದ ಸಮೀಪದ ಗಾಳಿಯು ಅಲ್ಲಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕಾಯುತ್ತದೆ. ಬಿಸಿ ಗಾಳಿಯಲ್ಲಿಯೂ ತಂಪು ಗಾಳಿಯಲ್ಲಿಯೂ ಬೆಳಕು ಬಾಗುವ ಪ್ರಮಾಣ ಬೇರೆಯಾದ್ದರಿಂದ ದೂರದ ಹಕ್ಕಿ ನಡುಗಿದಂತೆ ಕಾಣುತ್ತದೆ. ಎಷ್ಟು ಬೆಲೆಯ ದುರ್ಬೀನೂ ಈ ದೋಷವನ್ನು ನೀಗಲಾರದು.

ಕಾಲುಗಳೇ ಅಳತೆಗೋಲು

ಬೆಳಕು ಬಲಿತಂತೆ ಕರಿಜಾಲಿಯ ಮರಗಳು ಬೆಳ್ಳಗಾದುವು. ಅವುಗಳ ಮೇಲೆ ಗೂಡುಗಳಲ್ಲಿ ಬಣ್ಣದ ಕೊಕ್ಕರೆಗಳು ನಿಂತಿದ್ದುವು. ಹಳದಿ ಕೊಕ್ಕು, ಬೋಳಾದ ಕಿತ್ತಳೆ ಬಣ್ಣದ ಮುಖ, ಬೆನ್ನಿನ ಕೊನೆಯಲ್ಲಿ ಗುಲಾಬಿ ಬಣ್ಣದ ಗರಿ. ಮಿತ್ರರು ಬಹಳ ಹೊತ್ತು ಅವುಗಳನ್ನೇ ನೋಡುತ್ತಿದ್ದರು. ನಾನು ಅವರ ಗಮನವನ್ನು ಮರಗಳಿಂದ ಕೆರೆಯ ಮೇಲ್ಭಾಗದ ಅಂಚಿನ ಕಡೆಗೆ ತಿರುಗಿಸಿದೆನು.

ಅಲ್ಲಿ ನೀರಿಗೂ ನೆಲಕ್ಕೂ ನಡುವೆ ಖಚಿತವಾದ ಗೆರೆಯಿರಲಿಲ್ಲ. ನೆಲವು ಬಹು ನಿಧಾನವಾಗಿ ಇಳಿದು ಕೆಸರಾಗಿ, ಕೆಸರು ತೆಳುನೀರಾಗಿ, ತೆಳುನೀರು ಮೆಲ್ಲಮೆಲ್ಲನೆ ಆಳವಾಗುತ್ತಿತ್ತು. ಆ ಇಳಿಜಾರಿನ ಉದ್ದಕ್ಕೂ ಹಕ್ಕಿಗಳು ತಮ್ಮ ತಮ್ಮ ಸ್ಥಾನವನ್ನು ಹಿಡಿದಿದ್ದುವು. ಎಲ್ಲಕ್ಕಿಂತ ಈಚೆಗೆ, ಬರಿಯ ಕೆಸರಿನಲ್ಲಿ, ಸಣ್ಣ ಕಾಲಿನ ಗೊರವಗಳು ಓಡಾಡುತ್ತಿದ್ದುವು. ಅವುಗಳಿಂದಾಚೆ ಒಂದು ಗೇಣು ನೀರಿನಲ್ಲಿ ಕೆಂಪು ಕಡ್ಡಿಯಂತಹ ಕಾಲುಗಳ ಮೆಟ್ಟುಗಾಲು ಹಕ್ಕಿಗಳು. ಇನ್ನೂ ಆಚೆ ಮೊಳಕಾಲಿನವರೆಗೆ ನೀರಿನಲ್ಲಿ ನಿಂತ ಬೂದು ಬಕ, ಚಮಚದ ಕೊಕ್ಕಿನ ಬಕ ಮತ್ತು ಮೇವಿಗೆ ಇಳಿದ ಕೆಲವು ಬಣ್ಣದ ಕೊಕ್ಕರೆಗಳು. ಅಲ್ಲಿಯೇ ಸೂಜಿಬಾಲದ ಬಾತುಗಳು ತಲೆಯನ್ನು ನೀರಿನಲ್ಲಿ ಅದ್ದಿ, ಬಾಲವನ್ನು ಮೇಲೆತ್ತಿ, ಕೆರೆಯ ತಳವನ್ನು ತಡಕುತ್ತಿದ್ದುವು. ನಡುಕೆರೆಯ ಆಳದಲ್ಲಿ ನೀರುಕಾಗೆಗಳೂ ಹಾವಕ್ಕಿಗಳೂ ಮುಳುಗಿ ಏಳುತ್ತಿದ್ದುವು.

ಒಂದೊಂದು ಹಕ್ಕಿಗೂ ತನ್ನ ಕಾಲಿನ ಅಥವಾ ಕುತ್ತಿಗೆಯ ಉದ್ದವೇ ಎಲ್ಲೆ. ನಡೆದು ಮೇಯುವ ಹಕ್ಕಿಯ ಕಾಲಿಗಿಂತ ನೀರು ಆಳವಾದರೆ ಅಲ್ಲಿ ಎಷ್ಟೇ ಆಹಾರವಿದ್ದರೂ ಅದಕ್ಕೆ ಇಲ್ಲದಂತೆಯೇ. ಬುಡಮೇಲಾಗಿ ಮೇಯುವ ಬಾತಿಗೂ ಹಾಗೆಯೇ. ಅದರ ಗರಿಗಳೊಳಗೆ ಗಾಳಿ ಸೆರೆಸಿಕ್ಕಿರುವುದರಿಂದ ಆರ್ಕಿಮಿಡೀಸನ ತತ್ತ್ವಕ್ಕನುಸಾರವಾಗಿ ನೀರು ಅದನ್ನು ಬಲವಾಗಿ ಮೇಲಕ್ಕೆ ತಳ್ಳುತ್ತದೆ. ಸುಲಭವಾಗಿ ಮುಳುಗಲಾರದ ಈ ಹಕ್ಕಿ ಕುತ್ತಿಗೆ ನೀಡಿದಷ್ಟು ಆಳದ ಮೇವನ್ನು ಮಾತ್ರ ಪಡೆಯಬಲ್ಲದು. ನೀಳ ಕುತ್ತಿಗೆಯ ಸೂಜಿಬಾಲದ ಬಾತಿಗೂ ಅದು ಸುಮಾರು ಒಂದು ಅಡಿ. ನೀರುಕಾಗೆಯ ಗರಿಗಳ ಹೊರ ಅಂಚು ನೀರನ್ನು ಹೀರುತ್ತದೆ. ಸೆರೆಸಿಕ್ಕ ಗಾಳಿ ಕಡಿಮೆಯಾಗಿ ಮುಳುಗುವುದು ಹಗುರವಾಗುತ್ತದೆ. ಈ ಅನುಕೂಲಕ್ಕೆ ತೆರುವ ಬೆಲೆಯೆಂದರೆ, ಬೇಟೆಯಾದ ಮೇಲೆ ಕೊಂಬೆಯ ಮೇಲೆ ಕುಳಿತು ರೆಕ್ಕೆಗಳನ್ನು ಅಗಲಿಸಿ ಒಣಗಿಸಿಕೊಳ್ಳಬೇಕು.

ಆ ಬೆಳಗ್ಗೆ ನಾವು ಎಣಿಸಿದ ಹಕ್ಕಿಜಾತಿಗಳಲ್ಲಿ ನೀರಿನಲ್ಲಿ ಮುಳುಗಿ ಬೇಟೆಯಾಡುವವು ಕೆಲವೇ. ಉಳಿದವುಗಳಲ್ಲಿ ಹೆಚ್ಚಿನವು ಮೇಯುತ್ತಿದ್ದುದು ಕೆರೆಯಂಚಿನ ಒಂದು ಅಡಿಗಿಂತ ಕಡಿಮೆ ಆಳದ ನೀರಿನಲ್ಲಿ. ಮಿತ್ರರು ದುರ್ಬೀನನ್ನು ಕೆಳಗಿಳಿಸಿ, "ಹಾಗಾದರೆ ಇವಕ್ಕೆ ಬೇಕಾದ್ದು ಕೆರೆ ಅಲ್ಲ, ಕೆರೆಯ ದಡ" ಎಂದರು. ಉತ್ತರದ ಅರ್ಧ ಭಾಗ ಆಗಲೇ ಅವರಿಗೆ ಹೊಳೆದಿತ್ತು.

ಕಣ್ಣನ್ನು ವಂಚಿಸುವ ನೀರು

ಈ ತೆಳುನೀರಿನಲ್ಲಿ ಮೀನು ಹಿಡಿಯುವುದಾದರೂ ಸುಲಭವೇ? ನೀರು ತುಂಬಿದ ಪಾತ್ರೆಯ ತಳದಲ್ಲಿರುವ ನಾಣ್ಯವು ಮೇಲೆದ್ದಂತೆ ಕಾಣುವುದನ್ನು ವಿದ್ಯಾರ್ಥಿಗಳು ಬಲ್ಲರು. ನೀರಿನ ವಕ್ರೀಭವನಾಂಕವು ಸುಮಾರು 1.33 ಆದ್ದರಿಂದ, ನೇರವಾಗಿ ಮೇಲಿನಿಂದ ನೋಡಿದಾಗ ವಸ್ತುವು ನಿಜವಾದ ಆಳದ ಮುಕ್ಕಾಲು ಪಾಲಿನಲ್ಲಿಯೇ ಇರುವಂತೆ ತೋರುತ್ತದೆ. 20 ಸೆಂಟಿಮೀಟರು ಆಳದ ಮೀನು 15 ಸೆಂಟಿಮೀಟರಿನಲ್ಲಿ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಮೇಲೆ. ಕಂಡಲ್ಲಿಗೆ ಕುಕ್ಕಿದ ಬಕ ಉಪವಾಸವೇ ಇರಬೇಕಾದೀತು. ಆದರೆ ಬಕಗಳು ಈ ವ್ಯತ್ಯಾಸಕ್ಕೆ ತಕ್ಕಂತೆ ಗುರಿಯನ್ನು ತಿದ್ದಿಕೊಳ್ಳುತ್ತವೆ ಎಂಬುದು ಪ್ರಯೋಗಗಳಿಂದ ಸಿದ್ಧವಾಗಿದೆ. ಆಳ ಹೆಚ್ಚಿದಷ್ಟೂ ತಿದ್ದಬೇಕಾದ ಅಂತರವೂ ಹೆಚ್ಚುವುದೆಂಬುದನ್ನು ಇಲ್ಲಿ ನೆನೆಯಬೇಕು.

ಬಣ್ಣದ ಕೊಕ್ಕರೆಯೂ ಚಮಚದ ಕೊಕ್ಕಿನ ಬಕವೂ ಈ ತೊಡಕಿಗೇ ಸಿಕ್ಕಿಕೊಳ್ಳುವುದಿಲ್ಲ. ಅವು ಕಣ್ಣನ್ನು ನಂಬದೆ ಸ್ಪರ್ಶವನ್ನು ನಂಬುತ್ತವೆ. ನಮ್ಮ ಮುಂದಿದ್ದ ಕೊಕ್ಕರೆಯೊಂದು ಅರೆತೆರೆದ ಕೊಕ್ಕನ್ನು ಕದಡಿದ ನೀರಿನಲ್ಲಿಟ್ಟು, ಕಾಲಿನಿಂದ ಕೆಸರನ್ನು ಕಲಕುತ್ತ ಸಾಗುತ್ತಿತ್ತು. ಮೀನು ತಗುಲಿದ ಕೂಡಲೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಇದೇ ಕುಲಕ್ಕೆ ಸೇರಿದ ಅಮೆರಿಕದ ಕೊಕ್ಕರೆಯೊಂದರಲ್ಲಿ ಹೀಗೆ ಮುಚ್ಚಲು ಹಿಡಿಯುವ ಕಾಲವನ್ನು ಅಳೆದಾಗ ಅದು ಸೆಕೆಂಡಿನ ನಲವತ್ತನೆಯ ಒಂದು ಪಾಲಷ್ಟೇ ಎಂದು ತಿಳಿದುಬಂದಿತು. ನಾವು ಕಣ್ಣು ಮಿಟುಕಿಸುವುದು ಅದಕ್ಕಿಂತ ಎಷ್ಟೋ ನಿಧಾನ. ಆದರೆ ಈ ತಂತ್ರ ಫಲಿಸಬೇಕಾದರೆ ಮೀನುಗಳು ಸ್ವಲ್ಪವೇ ನೀರಿನಲ್ಲಿ ಒತ್ತಾಗಿ ಕೂಡಿರಬೇಕು. ಆಳವಾದ ನೀರಿನಲ್ಲಿ ಚದುರಿದ ಮೀನು ಕೊಕ್ಕಿಗೆ ತಗಲುವ ಸಂಭವವೇ ಕಡಿಮೆ. ಕೆರೆಯ ನೀರು ಇಳಿಯುತ್ತ ಅಂಚಿನ ಗುಂಡಿಗಳಲ್ಲಿ ಮೀನುಗಳು ಸಿಕ್ಕಿಬೀಳುವ ಕಾಲವೇ ಕೊಕ್ಕರೆಗಳ ಸುಗ್ಗಿ. ಮರಿಗಳು ಬೆಳೆಯುವುದೂ ಆಗಲೇ.

ಬಿಸಿಗಾಳಿಯ ಏಣಿ

ಒಂಬತ್ತು ಗಂಟೆಯವರೆಗೆ ಗೂಡುಗಳಲ್ಲಿದ್ದ ಕೊಕ್ಕರೆಗಳಲ್ಲಿ ಹಲವು, ಬಿಸಿಲು ಏರಿದ ಮೇಲೆ ಒಂದೊಂದಾಗಿ ಎದ್ದು, ಕೆರೆಯ ಹೊರಗಿನ ಹೊಲಗಳ ಮೇಲೆ ಸುತ್ತತೊಡಗಿದುವು. ರೆಕ್ಕೆ ಬಡಿಯದೆ, ಸುತ್ತು ಸುತ್ತಾಗಿ ಮೇಲೇರಿ, ಕೊನೆಗೆ ಚುಕ್ಕೆಗಳಾಗಿ, ಬಳಿಕ ಒಂದೇ ದಿಕ್ಕಿಗೆ ಜಾರಿಹೋದುವು. ಬೆಳ್ಳಕ್ಕಿಗಳು ಮುಂಜಾನೆಯೇ ರೆಕ್ಕೆ ಬಡಿದುಕೊಂಡು ಹೋಗಿದ್ದುವು. ಕೊಕ್ಕರೆಗಳೇಕೆ ಇಷ್ಟು ಹೊತ್ತು ಕಾದುವು?

ಅವು ಕಾದದ್ದು ಬಿಸಿಗಾಳಿಗಾಗಿ. ಉತ್ತ ಹೊಲವು ಕೆರೆಯ ನೀರಿಗಿಂತ ಬೇಗ ಕಾಯುತ್ತದೆ. ಅದರ ಮೇಲಿನ ಗಾಳಿ ಹಿಗ್ಗಿ ಹಗುರವಾಗಿ ಕಂಬದಂತೆ ಮೇಲೇಳುತ್ತದೆ. ಎರಡರಿಂದ ಮೂರೂವರೆ ಕಿಲೋಗ್ರಾಂ ತೂಗುವ ಕೊಕ್ಕರೆಗೆ ರೆಕ್ಕೆ ಬಡಿದು ಹಾರುವುದು ದುಬಾರಿಯ ಕೆಲಸ. ರೆಕ್ಕೆ ಚಾಚಿ ಗಾಳಿಯಲ್ಲಿ ಜಾರುವುದು ಅಗ್ಗ. ಉದಾಹರಣೆಗೆ, ನಿಶ್ಚಲವಾದ ಗಾಳಿಯಲ್ಲಿ ಜಾರುವ ಹಕ್ಕಿ ಸೆಕೆಂಡಿಗೆ 1 ಮೀಟರು ಕೆಳಗಿಳಿಯುವುದೆಂದೂ, ಗಾಳಿಯ ಕಂಬ ಸೆಕೆಂಡಿಗೆ 3 ಮೀಟರು ಮೇಲೇಳುತ್ತಿರುವುದೆಂದೂ ಭಾವಿಸೋಣ. ಆಗ ಹಕ್ಕಿ ಸೆಕೆಂಡಿಗೆ 2 ಮೀಟರಿನಂತೆ ಮೇಲೇರಿ, ಐದು ನಿಮಿಷದಲ್ಲಿ 600 ಮೀಟರು ಎತ್ತರವನ್ನು ಸೇರುತ್ತದೆ. ಒಂದು ಮೀಟರು ಇಳಿಯುವಷ್ಟರಲ್ಲಿ ಹತ್ತು ಮೀಟರು ಮುಂದೆ ಸಾಗುವುದಾದರೆ, ಅಲ್ಲಿಂದ ಆರು ಕಿಲೋಮೀಟರು ದೂರದ ಮತ್ತೊಂದು ಕೆರೆಯನ್ನು ಅದು ಒಮ್ಮೆಯೂ ರೆಕ್ಕೆ ಬಡಿಯದೆ ತಲಪೀತು. ನಡುವೆ ಇನ್ನೊಂದು ಬಿಸಿಗಾಳಿಯ ಕಂಬ ದೊರೆತರೆ ಇನ್ನೂ ದೂರ.

ಇದರಿಂದ ತಿಳಿಯುವ ಮಾತೊಂದುಂಟು. ಗೂಡಿರುವ ಕೆರೆಯೊಂದೇ ಇಷ್ಟು ಸಾವಿರ ಹಕ್ಕಿಗಳನ್ನು ಸಾಕುವುದಿಲ್ಲ. ಅವು ಸುತ್ತಲಿನ ಗದ್ದೆ, ಹಳ್ಳ, ಊರಕೆರೆಗಳಿಗೆಲ್ಲ ಹೋಗಿ ಮೇವು ತರುತ್ತವೆ. ಅಂಕಸಮುದ್ರಕ್ಕೆ ಕಾನೂನಿನ ರಕ್ಷಣೆಯುಂಟು. ಹೆಸರಿಲ್ಲದ ಊರಕೆರೆಗೆ ಇಲ್ಲ. ಆದರೆ ಮರಿಯ ಹೊಟ್ಟೆ ತುಂಬುವುದು ಎರಡರಿಂದಲೂ.

ನಡುಹಗಲಿಗೆ ಗೂಡುಗಳಲ್ಲಿ ಉಳಿದಿದ್ದ ತಾಯಿತಂದೆಗಳು ಮರಿಗಳ ಮೇಲೆ ರೆಕ್ಕೆಗಳನ್ನು ಚಾಚಿ ನೆರಳು ಮಾಡಿ ನಿಂತಿದ್ದುವು. ಕೆಲವುಗಳ ಕಾಲು ಸುಣ್ಣ ಬಳಿದಂತೆ ಬೆಳ್ಳಗಿತ್ತು. ಇದು ರೋಗವಲ್ಲ. ಸೆಕೆಯಾದಾಗ ಕೊಕ್ಕರೆಗಳು ತಮ್ಮ ಕಾಲಿನ ಮೇಲೆಯೇ ದ್ರವರೂಪದ ಹಿಕ್ಕೆಯನ್ನು ಹಾಕಿಕೊಳ್ಳುತ್ತವೆ. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖವು ಕಾಲಿನಲ್ಲಿ ಹರಿಯುವ ರಕ್ತದಿಂದ ಹೋಗಿ ಮೈ ತಂಪಾಗುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ನಿಯಮದಿಂದ.

ಹಿಮಾಲಯದಾಚೆಯ ಅತಿಥಿ

ಮಧ್ಯಾಹ್ನ ನಾವು ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳನ್ನು ತಿಂದು ಬೇವಿನ ನೆರಳಿನಲ್ಲಿ ಕುಳಿತಿದ್ದಾಗ, ಮಿತ್ರರು ನೀರಿನಂಚಿನಲ್ಲಿ ಮಲಗಿದ್ದ ಬೂದುಬಣ್ಣದ ದೊಡ್ಡ ಹಕ್ಕಿಗಳ ಗುಂಪೊಂದನ್ನು ತೋರಿಸಿದರು. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟಿಗಳಿದ್ದುವು. ಅವು ಪಟ್ಟೆತಲೆ ಹೆಬ್ಬಾತುಗಳು. ಗದಗ ಜಿಲ್ಲೆಯ ಮಾಗಡಿ ಕೆರೆಯು ಈ ಹಕ್ಕಿಗಾಗಿಯೇ ಹೆಸರಾಗಿದೆ. ಅದೂ 2024ರಲ್ಲಿ ಅಂಕಸಮುದ್ರದ ಜೊತೆಯಲ್ಲಿಯೇ ರಾಮ್‌ಸಾರ್ ಪಟ್ಟಿಯನ್ನು ಸೇರಿತು.

ಹೆಬ್ಬಾತುಗಳು ಮೊಟ್ಟೆಯಿಡುವುದು ಮಂಗೋಲಿಯ, ಟಿಬೆಟ್, ಲಡಾಖ್ ಮೊದಲಾದ ಎತ್ತರದ ನಾಡುಗಳ ಸರೋವರಗಳ ಬಳಿ. ಮಂಗೋಲಿಯದಲ್ಲಿ ಗುರುತಿನ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಅಲ್ಲಿಂದ ಇಲ್ಲಿಗೆ ಬರಬೇಕಾದರೆ ಹಿಮಾಲಯವನ್ನು ದಾಟಬೇಕು. ಸಮುದ್ರಮಟ್ಟದಿಂದ ಸುಮಾರು 5,500 ಮೀಟರು ಎತ್ತರದಲ್ಲಿ ವಾಯುವಿನ ಒತ್ತಡವು ಅರ್ಧಕ್ಕೆ ಇಳಿದಿರುತ್ತದೆ. ಉಸಿರಿಗೆ ದೊರೆಯುವ ಆಮ್ಲಜನಕವೂ ಅರ್ಧ. ರೆಕ್ಕೆಗೆ ಆಧಾರವಾದ ಗಾಳಿಯೂ ತೆಳು. ಹಕ್ಕಿ ಹೆಚ್ಚು ದುಡಿಯಬೇಕಾದಲ್ಲಿಯೇ ದುಡಿಯಲು ಬೇಕಾದ ಆಮ್ಲಜನಕ ಕಡಿಮೆ.

ಈ ಹಕ್ಕಿಯ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಇತರ ಬಾತುಗಳದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ, ಶ್ವಾಸಕೋಶವೂ ದೊಡ್ಡದು. ಇಷ್ಟಿದ್ದರೂ ಅದು ವ್ಯರ್ಥವಾಗಿ ಎತ್ತರಕ್ಕೆ ಹೋಗುವುದಿಲ್ಲ. ಹೆಬ್ಬಾತುಗಳ ಮೈಯಲ್ಲಿ ಸಣ್ಣ ಉಪಕರಣಗಳನ್ನಿಟ್ಟು ನಡೆಸಿದ, 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಅವು ಒಂದೇ ಎತ್ತರದಲ್ಲಿ ಹಾರದೆ ಬೆಟ್ಟದ ಏರಿಳಿತವನ್ನು ಅನುಸರಿಸಿ ಏರುತ್ತ ಇಳಿಯುತ್ತ ಸಾಗುವುದು ಕಂಡುಬಂದಿತು. ಏರಿದ ಎತ್ತರವನ್ನು ಕಳೆದುಕೊಂಡು ಮತ್ತೆ ಏರುವುದು ನಷ್ಟವೆಂದು ತೋರಬಹುದು. ಆದರೆ ತೆಳುಗಾಳಿಯಲ್ಲಿ ಉಳಿಯುವುದಕ್ಕೆ ತಗಲುವ ವೆಚ್ಚ ಅದಕ್ಕಿಂತ ಹೆಚ್ಚು. ಅವು ರಾತ್ರಿಯಲ್ಲಿಯೂ ಮುಂಜಾವಿನಲ್ಲಿಯೂ ಹೆಚ್ಚಾಗಿ ದಾಟುತ್ತವೆ ಎಂಬುದೂ ತಿಳಿದಿದೆ. ಉಷ್ಣತೆಯು 10 ಡಿಗ್ರಿಯಿಂದ ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿದರೆ, ಒತ್ತಡವು ಅಷ್ಟೇ ಇರುವಾಗ, ಗಾಳಿಯ ಸಾಂದ್ರತೆ ಶೇಕಡ 7ಕ್ಕಿಂತ ತುಸು ಹೆಚ್ಚಾಗುತ್ತದೆ. ಕಾಲೇಜಿನಲ್ಲಿ ಕಲಿಯುವ ಅನಿಲ ನಿಯಮದಿಂದ ಈ ಲೆಕ್ಕವನ್ನು ಯಾರಾದರೂ ಮಾಡಬಹುದು.

ಇಷ್ಟು ದುಡಿದು ಬಂದ ಹಕ್ಕಿ ಇಲ್ಲಿ ಕೇಳುವುದು ಬಹಳವಲ್ಲ: ಮೇಯಲು ಸುತ್ತಲಿನ ಹೊಲ, ವಿಶ್ರಮಿಸಲು ನಾಲ್ಕೂ ಕಡೆ ಕಣ್ಣು ಹಾಯುವ ಬಯಲಾದ ದಡ. ಮಿತ್ರರು ನಕ್ಕು, "ಹೊಲ ಮೇಯುತ್ತವೆ ಅನ್ನುವುದು ನನಗೆ ಹೊಸದಲ್ಲ ಮೇಷ್ಟ್ರೇ. ನಮ್ಮ ಕಡಲೆಯ ಪಾಲನ್ನೂ ತೆಗೆದುಕೊಂಡಿವೆ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ; ಆದರೆ ಅದು ಸುಳ್ಳೂ ಅಲ್ಲ. ಹಕ್ಕಿಗಳ ಪರವಾಗಿ ಮಾತನಾಡುವವರು ರೈತನ ನಷ್ಟವನ್ನು ಮರೆಯಬಾರದು.

ಇಳಿಜಾರಿನ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆಳ ಮಾಡಿದ ಕೆರೆಯಿಂದ ಹಕ್ಕಿಗಳೇಕೆ ಹೋದುವು? ನಾನು ನೆಲದ ಮೇಲೆ ಕಡ್ಡಿಯಿಂದ ಎರಡು ಕೆರೆಗಳ ಅಡ್ಡಸೀಳನ್ನು ಬರೆದು ಮಿತ್ರರಿಗೆ ತೋರಿಸಿದೆನು. ಮೊದಲನೆಯದರ ದಡ 100 ಮೀಟರು ಮುಂದೆ ಹೋದರೆ 1 ಮೀಟರು ಇಳಿಯುವಂತಹದು. ಎರಡನೆಯದು ಯಂತ್ರದಿಂದ ಅಗೆದದ್ದು. 2 ಮೀಟರು ಹೋಗುವಷ್ಟರಲ್ಲಿ 1 ಮೀಟರು ಇಳಿಯುತ್ತದೆ. ಎರಡಕ್ಕೂ ದಡದ ಉದ್ದ 1 ಕಿಲೋಮೀಟರು ಇರಲಿ. ನಡೆದು ಮೇಯುವ ಹಕ್ಕಿಗೆ ಬೇಕಾದ ನೀರು ಒಂದು ಅಡಿಯೊಳಗಿನದು, ಎಂದರೆ 30 ಸೆಂಟಿಮೀಟರು.

ಮೊದಲನೆಯ ಕೆರೆಯಲ್ಲಿ ಅಂತಹ ನೀರಿನ ಪಟ್ಟಿಯ ಅಗಲ 30 ಮೀಟರು. ವಿಸ್ತೀರ್ಣ 30,000 ಚದರ ಮೀಟರು, ಎಂದರೆ ಸುಮಾರು ಏಳೂವರೆ ಎಕರೆ. ಎರಡನೆಯದರಲ್ಲಿ ಅಗಲ ಅರುವತ್ತೇ ಸೆಂಟಿಮೀಟರು. ವಿಸ್ತೀರ್ಣ 600 ಚದರ ಮೀಟರು, ಎಂದರೆ ಸುಮಾರು ಆರು ಗುಂಟೆ. ಕೆರೆ ತುಂಬಿಯೇ ಇದೆ. ಹಕ್ಕಿಯ ಊಟದ ಎಲೆ ಮಾತ್ರ ಐವತ್ತರಲ್ಲಿ ಒಂದು ಪಾಲಿಗೆ ಇಳಿಯಿತು.

ಇಷ್ಟೇ ಅಲ್ಲ. ಆವಿಯಾಗಿಯೂ ತೂಬಿನಿಂದ ಹರಿದೂ ಕೆರೆಯ ನೀರು ದಿನಕ್ಕೆ 1 ಸೆಂಟಿಮೀಟರಿನಂತೆ ಇಳಿಯುತ್ತದೆಂದು ಭಾವಿಸಿ. ಮೊದಲನೆಯ ಕೆರೆಯಲ್ಲಿ ನೀರಿನ ಅಂಚು ದಿನಕ್ಕೆ 1 ಮೀಟರು ಹಿಂದೆ ಸರಿಯುತ್ತದೆ. ಪ್ರತಿದಿನವೂ ಹುಳು, ಬಸವನಹುಳು, ಬೀಜಗಳಿಂದ ಕೂಡಿದ ಮೀಟರಗಲದ ಹಸಿಕೆಸರು ಹೊಸದಾಗಿ ತೆರೆದುಕೊಳ್ಳುತ್ತದೆ. ಕೊಕ್ಕರೆಯ ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು, ಮರಿ ಹಾರಲು ಸುಮಾರು ಎರಡು ತಿಂಗಳು ಬೇಕು. ಅಷ್ಟು ಕಾಲವೂ ಈ ಪಟ್ಟಿ ಮುಂದುವರಿಯುತ್ತ ಹೋಗಿ ಮೇವನ್ನು ಒದಗಿಸುತ್ತದೆ. ಎರಡನೆಯ ಕೆರೆಯಲ್ಲಿ ದಿನಕ್ಕೆ ತೆರೆದುಕೊಳ್ಳುವುದು 2 ಸೆಂಟಿಮೀಟರು ಮಾತ್ರ.

ಮಿತ್ರರು ಸುಮ್ಮನೆ ಒಪ್ಪಿಕೊಳ್ಳುವವರಲ್ಲ. "ಅಲ್ಲ ಮೇಷ್ಟ್ರೇ, ತೆಳ್ಳಗೆ ಹರಡಿದ ನೀರು ಬಿಸಿಲಿಗೆ ಬೇಗ ಆರಿಹೋಗುತ್ತದಲ್ಲ? ಅದಕ್ಕೇ ತಾನೆ ಆಳ ಮಾಡುವುದು?" ಎಂದು ಕೇಳಿದರು. ಅವರ ಆಕ್ಷೇಪಣೆ ನ್ಯಾಯವಾದುದು. ಆವಿಯಾಗುವ ನೀರು ಮೇಲ್ಮೈಯ ವಿಸ್ತೀರ್ಣವನ್ನು ಅನುಸರಿಸುತ್ತದೆ. ದಿನಕ್ಕೆ ಅರ್ಧ ಸೆಂಟಿಮೀಟರು ಆವಿಯಾದರೆ 30,000 ಚದರ ಮೀಟರಿನ ಪಟ್ಟಿಯಿಂದ ಹೋಗುವ ನೀರು 150 ಘನಮೀಟರು, ಎಂದರೆ ಒಂದೂವರೆ ಲಕ್ಷ ಲೀಟರು. ನಮ್ಮ ಕಡೆಯ ಬೇಸಗೆಯಲ್ಲಿ ಇದು ಇನ್ನೂ ಹೆಚ್ಚು. ನೀರಿನ ಬೆಲೆಯನ್ನು ತುಂಗಭದ್ರೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 133 ಟಿ.ಎಂ.ಸಿ. ನೀರು ಹಿಡಿಯುವಂತೆ ಕಟ್ಟಿದ ಜಲಾಶಯವು ಹೂಳು ತುಂಬಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಸಿರುಗುಪ್ಪ, ಕುರುಗೋಡುಗಳಲ್ಲಿ ಎಷ್ಟು ಮನೆಗಳಲ್ಲಿ ನಿದ್ರೆಯಿರಲಿಲ್ಲವೆಂಬುದನ್ನು ಮಿತ್ರರು ಬಲ್ಲರು. ಹೂಳು ತೆಗೆಯಬೇಡಿರೆಂದು ಹೇಳುವ ಅಧಿಕಾರ ನನಗಿಲ್ಲ, ಹೇಳಲೂ ಇಲ್ಲ.

ಉತ್ತರವು ನಮ್ಮ ಕಣ್ಣೆದುರಿನಲ್ಲಿಯೇ ಇತ್ತು. ಹಳೆಯ ಕಾಲದ ಕೆರೆಗಳೆಲ್ಲ ಒಂದೇ ಕ್ರಮದವು. ಇಳಿಜಾರಾದ ನೆಲಕ್ಕೆ ಅಡ್ಡವಾಗಿ ಏರಿಯನ್ನು ಕಟ್ಟಿದುದರಿಂದ ಏರಿಯ ಬುಡದಲ್ಲಿ ಆಳ. ನೀರು ಬಂದು ಸೇರುವ ಮೇಲ್ಭಾಗದಲ್ಲಿ ತೆಳು. ಹೂಳನ್ನು ಏರಿಯ ಬುಡದಿಂದ ಸ್ವಲ್ಪ ದೂರ ಬಿಟ್ಟು ಕೆಳಭಾಗದಲ್ಲಿ ತೆಗೆದು, ಮೇಲ್ಭಾಗದ ಇಳಿಜಾರನ್ನು ಹಾಗೆಯೇ ಉಳಿಸಿದರೆ, ಕೆರೆಯ ನೀರೂ ಹೆಚ್ಚುವುದು, ಹಕ್ಕಿಯ ಅಂಚೂ ಉಳಿಯುವುದು. ಬೇಸಗೆ ಬರುವ ಹೊತ್ತಿಗೆ ಮೇಲ್ಭಾಗವು ತಾನಾಗಿ ಒಣಗುವುದರಿಂದ, ಬಿಸಿಲು ತೀವ್ರವಾಗಿರುವ ತಿಂಗಳುಗಳಲ್ಲಿ ಉಳಿದ ನೀರು ಆಳದಲ್ಲಿ ಕೂಡಿದ್ದು, ಆವಿಯಾಗುವ ಮೇಲ್ಮೈ ಕಿರಿದಾಗುತ್ತದೆ. ಮೆಲ್ಲನೆ ಇಳಿಯುವ ದಡವು ದನಗಳು ನೀರು ಕುಡಿಯಲು ಅನುಕೂಲ. ಕಡಿದಾದ ಗುಂಡಿಗಳಲ್ಲಿ ದನಕರುಗಳೂ ಮಕ್ಕಳೂ ಬಿದ್ದು ಸಾಯುವುದನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಮಿತ್ರರು ನೆಲದ ಮೇಲಿನ ನನ್ನ ಚಿತ್ರವನ್ನು ಕಾಲಿನಿಂದ ಅಳಿಸಿ, ಅಲ್ಲಿಯೇ ತಮ್ಮ ಊರಿನ ಕೆರೆಯನ್ನು ಬರೆದರು: ಏರಿ ಎಲ್ಲಿ, ತೂಬು ಎಲ್ಲಿ, ಕೋಡಿ ಎಲ್ಲಿ, ಹಳ್ಳ ಎಲ್ಲಿ ಸೇರುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಬಳಿಕ ಒಂದು ಗೆರೆ ಎಳೆದು, "ಈ ಗೆರೆಯಿಂದ ಮೇಲೆ ಯಂತ್ರ ಬರಬಾರದು ಅಂತ ಸಭೆಯಲ್ಲಿ ಹೇಳುತ್ತೇನೆ. ಒಪ್ಪುವುದು ಬಿಡುವುದು ಊರಿಗೆ ಸೇರಿದ್ದು" ಎಂದರು.

ನಾವು ಏರಿಯನ್ನು ಇಳಿಯುವ ಹೊತ್ತಿಗೆ ಸೂರ್ಯ ಪಶ್ಚಿಮಕ್ಕೆ ವಾಲಿದ್ದನು. ಹಗಲೆಲ್ಲ ದೂರದ ಗದ್ದೆ ಕೆರೆಗಳಲ್ಲಿ ಮೇದ ಕೆಂಬರಲುಗಳೂ ಬೆಳ್ಳಕ್ಕಿಗಳೂ ಸಾಲುಸಾಲಾಗಿ ಕರಿಜಾಲಿಯ ಮರಗಳಿಗೆ ಮರಳುತ್ತಿದ್ದುವು. ಅವುಗಳಲ್ಲಿ ಯಾವುದು ಯಾವ ಊರಿನ ಕೆರೆಯಂಚಿನಿಂದ ಬಂದಿತೆಂದು ಹೇಳಬಲ್ಲವರಾರು?

ವಿದ್ಯಾರ್ಥಿಗಳಾದ ವಾಚಕರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಊರಿನಲ್ಲಿಯೂ ಒಂದು ಕೆರೆ ಇರಬಹುದು. ದುರ್ಬೀನು ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ಉದ್ದನೆಯ ಕೋಲಿಗೆ ಸೆಂಟಿಮೀಟರಿನ ಗುರುತುಗಳನ್ನು ಮಾಡಿಕೊಂಡು, ಈಜು ಬಲ್ಲ ಹಿರಿಯರೊಬ್ಬರ ಜೊತೆಯಲ್ಲಿ ಹೋಗಿ, ದಡದಿಂದ ಎಷ್ಟು ಹೆಜ್ಜೆಗೆ ನೀರು ಒಂದು ಅಡಿ ಆಳವಾಗುವುದೆಂಬುದನ್ನು ಅಳೆಯಿರಿ. ಅಲ್ಲಿ ಯಾವ ಹಕ್ಕಿ ಎಷ್ಟು ನೀರಿನಲ್ಲಿ ನಿಂತಿತ್ತೆಂಬುದನ್ನು ದಿನಾಂಕದೊಡನೆ ಬರೆದಿಡಿರಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಒಂದು ವರ್ಷದಲ್ಲಿ ನಿಮ್ಮ ಕೆರೆಯನ್ನು ಕುರಿತು ನಿಮಗೆ ತಿಳಿದಿರುವಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ. ಎಂದಾದರೂ ಅದರ ಹೂಳು ತೆಗೆಯುವ ಮಾತು ಬಂದಾಗ ಆ ಬರಹ ನಿಮ್ಮ ಊರಿನ ಉಪಯೋಗಕ್ಕೆ ಬರುವುದು.